ಎದೆ ಉರಿಗೆ ಆಪರೇಷನ್: ದಿನಾಂಕ ಗೊತ್ತು ಮಾಡುವ ಮೊದಲು ಆ ಎರಡು ಟೆಸ್ಟ್ ಆಗಿದೆಯಾ?

ಕಳೆದ ವರ್ಷ ಶ್ರಾವಣದಲ್ಲಿ ಭಾವ ಫೋನ್ ಮಾಡಿದರು. "ಬುಧವಾರ ಆಪರೇಷನ್ ಇಟ್ಕೊಂಡಿದ್ದೀನಿ. ಇನ್ಶೂರೆನ್ಸ್‌ನವರೂ ಒಪ್ಪಿದ್ದಾರೆ" ಎಂದರು. ನನಗೆ ಗಾಬರಿಯಾಯಿತು. ಯಾವುದಕ್ಕೆ ಭಾವ ಎಂದು ಕೇಳಿದೆ. "ಅದೇ, ಗ್ಯಾಸ್ಟ್ರಿಕ್‌ಗೆ" ಎಂದರು.

ಭಾವನಿಗೆ 44 ವರ್ಷ. ಮನೆ ವಿಜಯನಗರದಲ್ಲಿ, ಕೆಲಸ ಮಾನ್ಯತಾ ಟೆಕ್ ಪಾರ್ಕಿನಲ್ಲಿ. ಹೆಬ್ಬಾಳದ ಟ್ರಾಫಿಕ್ ದಾಟಿ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಹತ್ತಕ್ಕೆ ಊಟ, ಹತ್ತೂವರೆಗೆ ಹಾಸಿಗೆ. ಎದೆ ಉರಿ ಶುರುವಾಗಿ ಒಂಬತ್ತು ವರ್ಷ, ಮಾತ್ರೆ ಶುರುವಾಗಿಯೂ ಒಂಬತ್ತು ವರ್ಷ. ಒಂದು ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿದರು. ಸಣ್ಣ ಹರ್ನಿಯಾ ಇದೆ, ಮಾತ್ರೆ ಕೆಲಸ ಮಾಡುತ್ತಿಲ್ಲ, ಆಪರೇಷನ್ ಮಾಡಿಸಿಬಿಡಿ ಎಂದರು. ಅಷ್ಟೇ. ಬೇರೆ ಯಾವ ಟೆಸ್ಟೂ ಇಲ್ಲ.

ಆಪರೇಷನ್ ಕೆಟ್ಟದ್ದು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಮಾಗಡಿ ರಸ್ತೆಯಲ್ಲಿರುವ ನಮ್ಮ ಸೋದರತ್ತೆಗೆ ಇದೇ ಆಪರೇಷನ್ ಆಗಿ ಆರು ವರ್ಷವಾಯಿತು. ಅದಕ್ಕೆ ಮೊದಲು ನಾಲ್ಕು ವರ್ಷ ಅವರು ಅಂಗಾತ ಮಲಗಿದ್ದೇ ಇಲ್ಲ. ಗೋಡೆಗೆ ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ. ಬೆಳಿಗ್ಗೆ ಬಗ್ಗಿ ರಂಗೋಲಿ ಹಾಕಿದರೆ ಕುಡಿದ ಕಾಫಿ ಬಾಯಿಗೆ ಬರುತ್ತಿತ್ತು. ಆಪರೇಷನ್ ಆದ ಎರಡನೇ ತಿಂಗಳು ಒಂದೇ ದಿಂಬಿನಲ್ಲಿ ಮಲಗಿ ಬೆಳಗಿನ ತನಕ ನಿದ್ದೆ ಮಾಡಿದರು. ಅದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ಅತ್ತೆಗೆ ಬೇಕಾಗಿದ್ದ ಆಪರೇಷನ್ ಭಾವನಿಗೂ ಬೇಕಿತ್ತಾ? ಬುಧವಾರದ ದಿನಾಂಕ ಗೊತ್ತಾಗಿದ್ದರೂ ಇದನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ನನ್ನ ಚಿಂತೆ ಇದ್ದದ್ದು ಅಲ್ಲಿ. ಬೆಂಗಳೂರಿನಲ್ಲಿ ಈ ಆಪರೇಷನ್ ಮಾಡುವ ಆಸ್ಪತ್ರೆಗಳಿಗೆ ಬರವಿಲ್ಲ. ಯಾರಿಗೆ ಮಾಡಬೇಕು ಎಂದು ನಿಧಾನವಾಗಿ ಕೂತು ನೋಡುವ ವ್ಯವಧಾನ ಮಾತ್ರ ಕಡಿಮೆಯಾಗುತ್ತಿದೆ.

ಬಾಗಿಲಿಗೆ ಎರಡು ಚಿಲಕ

ಗಂಟಲಿನಿಂದ ಹೊಟ್ಟೆಗೆ ಊಟ ಇಳಿಯುವ ಕೊಳವೆಗೆ ಅನ್ನನಾಳ ಎನ್ನುತ್ತೇವೆ. ಸುಮಾರು 25 ಸೆಂಟಿಮೀಟರ್ ಉದ್ದ. ಅದು ಜಠರವನ್ನು ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಉಂಗುರ ಇದೆ. ನುಂಗಿದಾಗ ತೆರೆದುಕೊಳ್ಳುತ್ತದೆ, ಆಮೇಲೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆಯಲ್ಲ, ಅದರ ಒಂದು ಕಿಂಡಿಯಲ್ಲಿ ಅನ್ನನಾಳ ಹಾದು ಬರುತ್ತದೆ. ಆ ಕಿಂಡಿಯ ಅಂಚು ಕೂಡ ಅನ್ನನಾಳವನ್ನು ಹೊರಗಿನಿಂದ ಹಿಡಿದುಕೊಂಡಿರುತ್ತದೆ. ಉಂಗುರವೂ ಕಿಂಡಿಯೂ ಒಂದೇ ಜಾಗದಲ್ಲಿದ್ದರೆ ಒಂದು ಬಾಗಿಲಿಗೆ ಎರಡು ಚಿಲಕ ಹಾಕಿದ ಹಾಗೆ.

ಕಿಂಡಿ ಸಡಿಲವಾಗಿ ಜಠರದ ಮೇಲಿನ ಭಾಗ ಎದೆಯೊಳಗೆ ಜಾರಿದರೆ ಅದೇ ಹಯಾಟಸ್ ಹರ್ನಿಯಾ. ಆಗ ಒಂದು ಚಿಲಕ ಇನ್ನೊಂದರ ಸಹಾಯಕ್ಕೆ ಬರುವುದಿಲ್ಲ. ಸಣ್ಣ ಹರ್ನಿಯಾ ತುಂಬಾ ಜನರಲ್ಲಿ ಇರುತ್ತದೆ, ಅವರಲ್ಲಿ ಎಷ್ಟೋ ಜನರಿಗೆ ತೊಂದರೆಯೇ ಇರುವುದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ "ಸಣ್ಣ ಹರ್ನಿಯಾ" ಎಂದು ಕಂಡ ತಕ್ಷಣ ಹೆದರಬೇಕಾಗಿಲ್ಲ.

ಹರ್ನಿಯಾ ಇಲ್ಲದವರಲ್ಲೂ ಈ ಉಂಗುರ ಆಗಾಗ ತಾನಾಗಿ ಸಡಿಲವಾಗುತ್ತದೆ. ತೇಗು ಬರುವುದೇ ಹಾಗೆ. ಹೊಟ್ಟೆ ಬಿರಿಯ ಉಂಡಾಗ ಇದು ಜಾಸ್ತಿ. ಆದ್ದರಿಂದ ಸ್ವಲ್ಪ ಆಮ್ಲ ದಿನವೂ ಎಲ್ಲರಿಗೂ ಮೇಲೆ ಬರುತ್ತದೆ. ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ, ಅನ್ನನಾಳದ ಗೋಡೆಯನ್ನು ಎಷ್ಟು ಸುಡುತ್ತದೆ ಎನ್ನುವುದರ ಮೇಲೆ ಅದು ಕಾಯಿಲೆಯೋ ಅಲ್ಲವೋ ಎಂದು ತೀರ್ಮಾನ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಮಾತ್ರೆಗಳು ಜಠರದಲ್ಲಿ ಆಮ್ಲ ಹುಟ್ಟುವುದನ್ನು ಕಡಿಮೆ ಮಾಡುತ್ತವೆ. ಬಾಗಿಲನ್ನು ರಿಪೇರಿ ಮಾಡುವುದಿಲ್ಲ. ಅತ್ತೆಗೆ ಮಾತ್ರೆಯಿಂದ ಉರಿ ಕಡಿಮೆಯಾಗಿತ್ತು, ಆದರೆ ತಿಂದದ್ದು ಮೇಲೆ ಬರುವುದು ನಿಂತಿರಲಿಲ್ಲ. ಆಮ್ಲ ಇಲ್ಲದಿದ್ದರೂ ಸಾರು ಸಾರೇ, ಕಾಫಿ ಕಾಫಿಯೇ. ಹೀಗೆ ಬಾಯಿಗೆ ವಾಪಸ್ ಬರುವ ತೊಂದರೆಗೆ ಮಾತ್ರೆಗಿಂತ ಆಪರೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ.

ಜಠರವನ್ನೇ ಮಫ್ಲರ್‌ನಂತೆ ಸುತ್ತುವುದು

ಈ ಆಪರೇಷನ್‌ನ ಹೆಸರು ಫಂಡೋಪ್ಲಿಕೇಷನ್. ಕಂಡುಹಿಡಿದವರು ರುಡಾಲ್ಫ್ ನಿಸೆನ್ ಎಂಬ ಜರ್ಮನ್ ಯಹೂದಿ ಸರ್ಜನ್. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ಇಸ್ತಾಂಬುಲ್‌ಗೆ ಹೋದವರು. ಅಲ್ಲಿ 1936ರಲ್ಲಿ ಅನ್ನನಾಳದ ತುದಿಯಲ್ಲಿ ಹುಣ್ಣಾಗಿದ್ದ ಒಬ್ಬ ಯುವಕನಿಗೆ ಆಪರೇಷನ್ ಮಾಡಿದರು. ಹೊಲಿಗೆ ಬಿಚ್ಚಿಕೊಳ್ಳಬಾರದೆಂದು ಜಠರದ ಮಡಿಕೆಯನ್ನು ಅದರ ಸುತ್ತ ಹೊದಿಸಿದರು. ವರ್ಷಗಳ ನಂತರ ಗೊತ್ತಾದದ್ದು, ಆ ಯುವಕನಿಗೆ ಆಮ್ಲ ಮೇಲೆ ಬರುವ ತೊಂದರೆಯೇ ಇಲ್ಲ. ಆ ನೆನಪು ಅವರಲ್ಲಿ ಉಳಿಯಿತು. 1955ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಎದೆ ಉರಿಗೆಂದೇ ಅದನ್ನು ಮಾಡಿದರು, ಮರುವರ್ಷ ಅದರ ಬಗ್ಗೆ ಬರೆದರು. ಐನ್‌ಸ್ಟೈನ್ ಅವರ ಹೊಟ್ಟೆಯ ರಕ್ತನಾಳದ ಊತಕ್ಕೆ 1948ರಲ್ಲಿ ಆಪರೇಷನ್ ಮಾಡಿದವರೂ ಇದೇ ನಿಸೆನ್.

ಆಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಿತ್ತು. 1991ರಲ್ಲಿ ಬೆಲ್ಜಿಯಂನ ಲೀಜ್ ಪಟ್ಟಣದ ಬರ್ನಾರ್ಡ್ ಡಾಲ್ಮಾನ್ಯ ಇದನ್ನು ಲ್ಯಾಪರೋಸ್ಕೋಪಿಯಲ್ಲಿ ಮಾಡಿ ತೋರಿಸಿದರು. ಅಲ್ಲಿಂದ ಎಲ್ಲ ಬದಲಾಯಿತು. ಇವತ್ತು ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಸಾಕು. ಎದೆಗೆ ಜಾರಿದ ಜಠರವನ್ನು ಮೊದಲು ಕೆಳಗೆ ಎಳೆದುಕೊಳ್ಳುತ್ತಾರೆ. ವಪೆಯ ಕಿಂಡಿಯನ್ನು ಹೊಲಿದು ಚಿಕ್ಕದು ಮಾಡುತ್ತಾರೆ. ಆಮೇಲೆ ಜಠರದ ಮೇಲ್ಭಾಗವನ್ನು ಅನ್ನನಾಳದ ಹಿಂದಿನಿಂದ ತಂದು, ಚಳಿಗಾಲದಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿದ ಹಾಗೆ ಸುತ್ತಿ ಹೊಲಿಗೆ ಹಾಕುತ್ತಾರೆ. ಪೂರ್ತಿ 360 ಡಿಗ್ರಿ ಸುತ್ತಿದರೆ ನಿಸೆನ್. ಹಿಂಭಾಗದಿಂದ 270 ಡಿಗ್ರಿ ಸುತ್ತಿದರೆ ಟೂಪೆ. ಮುಂಭಾಗದಲ್ಲಿ ಅರ್ಧ ಸುತ್ತಿದರೆ ಡೋರ್. ಊಟವಾಗಿ ಜಠರ ಉಬ್ಬಿದಾಗ ಆ ಸುತ್ತೂ ಬಿಗಿಯಾಗಿ ಅನ್ನನಾಳದ ಬಾಯಿಯನ್ನು ಒತ್ತಿ ಹಿಡಿಯುತ್ತದೆ. ಸರಳವಾದ ಉಪಾಯ, ಆದರೆ ಎಷ್ಟು ಬಿಗಿ ಇರಬೇಕು ಎನ್ನುವುದು ಕೈಯ ಅನುಭವದ ಮೇಲೆ ನಿಂತಿದೆ. ಸಡಿಲವಾದರೆ ಉರಿ ವಾಪಸ್, ಬಿಗಿಯಾದರೆ ಅನ್ನ ಇಳಿಯುವುದಿಲ್ಲ.

ನಮ್ಮ ಊರಿನ ಜಾಹೀರಾತುಗಳಲ್ಲಿ ಎಲ್ಲಕ್ಕೂ "ಲೇಸರ್" ಎಂಬ ಪದ ಅಂಟಿಸುವ ಅಭ್ಯಾಸ ಬಂದುಬಿಟ್ಟಿದೆ. ಫಂಡೋಪ್ಲಿಕೇಷನ್‌ನಲ್ಲಿ ಲೇಸರ್‌ಗೆ ಕೆಲಸವಿಲ್ಲ. ಇದು ಹೊಲಿಗೆಯ ಕೆಲಸ.

366 ಜನರಲ್ಲಿ 78

ಎದೆ ಉರಿಗೆ ಮಾತ್ರೆ ಕೇಳುತ್ತಿಲ್ಲ ಎಂದರೆ ಆಪರೇಷನ್ ಬೇಕು. ಕೇಳುವುದಕ್ಕೆ ಸರಿ ಅನ್ನಿಸುತ್ತದೆ ಅಲ್ವಾ? ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಈ ವಿಷಯದಲ್ಲಿ ಒಂದೇ ಒಂದು ಅಧ್ಯಯನ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮಾತ್ರೆಗೆ ಉರಿ ಹೋಗುತ್ತಿಲ್ಲ ಎಂದು ಬಂದವರು 366 ಜನ. ಅವರಿಗೆ ಮೊದಲು ಎರಡು ವಾರ ಒಮೆಪ್ರಜೋಲನ್ನು ಸರಿಯಾದ ಹೊತ್ತಿಗೆ, ಸರಿಯಾದ ರೀತಿಯಲ್ಲಿ ಕೊಟ್ಟರು. 42 ಜನರಿಗೆ ಅಷ್ಟಕ್ಕೇ ಗುಣ ಕಂಡಿತು. ಉಳಿದವರಿಗೆ ಎಂಡೋಸ್ಕೋಪಿ, ಅನ್ನನಾಳದ ಒತ್ತಡದ ಟೆಸ್ಟ್, ಆಮ್ಲದ ಟೆಸ್ಟ್ ಎಲ್ಲ ಮಾಡಿದರು. 23 ಜನರಿಗೆ ಇದ್ದದ್ದು ಅನ್ನನಾಳದ ಬೇರೆ ಕಾಯಿಲೆ. 99 ಜನರಲ್ಲಿ ಆಮ್ಲ ಹೆಚ್ಚಾಗಿ ಮೇಲೆ ಬರುತ್ತಲೇ ಇರಲಿಲ್ಲ, ಉರಿಗೂ ಆಮ್ಲಕ್ಕೂ ಸಂಬಂಧವೇ ಕಾಣಲಿಲ್ಲ. ಇನ್ನು ಕೆಲವರು ಟೆಸ್ಟುಗಳನ್ನು ಪೂರ್ತಿ ಮಾಡಿಸದೆ ಬಿಟ್ಟರು, ಕೆಲವರನ್ನು ಬೇರೆ ಕಾರಣಕ್ಕೆ ಕೈಬಿಟ್ಟರು. ಕೊನೆಗೆ ಉಳಿದವರು 78.

ಈ 78 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ವರ್ಷದ ನಂತರ ನೋಡಿದರೆ, ಆಪರೇಷನ್ ಆದವರಲ್ಲಿ 67 ಶೇಕಡಾ ಜನರಿಗೆ ಚೆನ್ನಾಗಿ ಗುಣವಾಗಿತ್ತು. ಒಮೆಪ್ರಜೋಲ್ ಜೊತೆಗೆ ಬೇರೆ ಔಷಧಿಗಳನ್ನೂ ಕೊಟ್ಟ ಗುಂಪಿನಲ್ಲಿ 28 ಶೇಕಡಾ. ಒಮೆಪ್ರಜೋಲ್ ಮಾತ್ರ ಕೊಟ್ಟವರಲ್ಲಿ 12 ಶೇಕಡಾ.

ಇದನ್ನು ಎರಡು ಕಡೆಯಿಂದ ಓದಬೇಕು. ಆಪರೇಷನ್ ಮಾಡಿಸಲು ಹೆದರುವವರಿಗೆ ಇದು ಧೈರ್ಯ ಕೊಡುತ್ತದೆ, ಸರಿಯಾಗಿ ಆರಿಸಿದ ರೋಗಿಗೆ ಮಾತ್ರೆಗಿಂತ ಅದು ಎಷ್ಟೋ ಮೇಲು. ಆದರೆ "ಮಾತ್ರೆ ಕೇಳುತ್ತಿಲ್ಲ" ಎಂಬ ಒಂದೇ ಕಾರಣಕ್ಕೆ 366 ಜನರನ್ನೂ ಆಪರೇಷನ್ ಥಿಯೇಟರ್‌ಗೆ ಕರೆದೊಯ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಆಮ್ಲದ ತೊಂದರೆಯೇ ಇಲ್ಲದ ಆ 99 ಜನರಿಗೆ ಉರಿ ಹಾಗೇ ಉಳಿಯುತ್ತಿತ್ತು, ಅದರ ಮೇಲೆ ಆಪರೇಷನ್‌ನ ತೊಂದರೆಗಳೂ ಸೇರುತ್ತಿದ್ದವು.

ಬೇರೆ ಕಾಯಿಲೆ ಇದ್ದ 23 ಜನರ ವಿಷಯವನ್ನೂ ಹೇಳಬೇಕು. ಅಕಲೇಷಿಯಾ ಎಂಬ ಕಾಯಿಲೆಯಲ್ಲಿ ಅನ್ನನಾಳದ ಕೆಳಗಿನ ಉಂಗುರ ತೆರೆಯುವುದೇ ಇಲ್ಲ. ತಿಂದದ್ದು ಅಲ್ಲೇ ನಿಂತು ಹುಳಿಯುತ್ತದೆ. ರೋಗಿಗೆ ಅನ್ನಿಸುವುದು ಎದೆ ಉರಿ, ವಾಪಸ್ ಬರುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಅಂಥವರಿಗೆ ಜಠರವನ್ನು ಸುತ್ತಿ ಬಿಗಿ ಮಾಡಿದರೆ, ಮೊದಲೇ ತೆರೆಯದ ಬಾಗಿಲಿಗೆ ಇನ್ನೊಂದು ಬೀಗ ಹಾಕಿದಂತೆ. ಆಮೇಲೆ ನೀರೂ ಇಳಿಯುವುದು ಕಷ್ಟ. ಎಂಡೋಸ್ಕೋಪಿಯಲ್ಲಿ ಇದು ತಪ್ಪಿಹೋಗಬಹುದು. ಒತ್ತಡ ಅಳೆಯುವ ಮ್ಯಾನೊಮೆಟ್ರಿಯಲ್ಲಿ ಗೊತ್ತಾಗುತ್ತದೆ.

ಭಾವನಿಗೆ ಆಗದೆ ಇದ್ದದ್ದು ಆಮ್ಲದ ಟೆಸ್ಟ್ ಮತ್ತು ಮ್ಯಾನೊಮೆಟ್ರಿ, ಎರಡೂ.

ಮೂಗಿನಲ್ಲಿ ನಳಿಕೆ ಇಟ್ಟುಕೊಂಡ ಒಂದು ದಿನ

ಅಕ್ಕನನ್ನು ಒಪ್ಪಿಸಿ ಬುಧವಾರದ ದಿನಾಂಕ ಮುಂದಕ್ಕೆ ಹಾಕಿಸಿದೆವು. ಇನ್ನೊಬ್ಬ ಗ್ಯಾಸ್ಟ್ರೋ ಡಾಕ್ಟರ್ ಹತ್ತಿರ ಹೋದೆವು. ಅವರು ಎಂಡೋಸ್ಕೋಪಿ ಫೋಟೋ ನೋಡಿ ಎರಡೂ ಟೆಸ್ಟ್ ಬರೆದುಕೊಟ್ಟರು. ಆಮ್ಲದ ಟೆಸ್ಟಿಗೆ ಒಂದು ವಾರ ಮೊದಲೇ ಮಾತ್ರೆ ನಿಲ್ಲಿಸಬೇಕು. ಭಾವನಿಗೆ ಆ ವಾರ ಬಹಳ ಕಷ್ಟವಾಯಿತು. ವರ್ಷಗಟ್ಟಲೆ ತಿಂದ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಕೆಲವು ದಿನ ಆಮ್ಲ ಮೊದಲಿಗಿಂತ ಜಾಸ್ತಿ ಹುಟ್ಟುತ್ತದೆ. ಅದಕ್ಕೇ ಎಷ್ಟೋ ಜನ "ಮಾತ್ರೆ ಬಿಟ್ಟರೆ ಆಗಲ್ಲ" ಎಂದುಕೊಂಡುಬಿಡುತ್ತಾರೆ.

ಮ್ಯಾನೊಮೆಟ್ರಿ ಅರ್ಧ ಗಂಟೆಯೊಳಗೆ ಮುಗಿಯಿತು. ಮೂಗಿನಿಂದ ನಳಿಕೆ ಇಳಿಸಿ, ಸ್ವಲ್ಪ ಸ್ವಲ್ಪ ನೀರು ನುಂಗಿಸಿ, ಅನ್ನನಾಳ ಹೇಗೆ ಹಿಂಡುತ್ತದೆ, ಉಂಗುರ ಹೇಗೆ ಸಡಿಲವಾಗುತ್ತದೆ ಎಂದು ನೋಡಿದರು. ಆಮೇಲೆ ದಾರದಷ್ಟು ತೆಳುವಾದ ಇನ್ನೊಂದು ನಳಿಕೆ. ಅದನ್ನು ಕೆನ್ನೆಗೆ ಟೇಪ್ ಹಾಕಿ, ಸೊಂಟಕ್ಕೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿ ಮನೆಗೆ ಕಳಿಸಿದರು. 24 ಗಂಟೆ ಇಟ್ಟುಕೊಳ್ಳಬೇಕು. ದಿನವೂ ಏನು ತಿನ್ನುತ್ತೀರೋ ಅದನ್ನೇ ತಿನ್ನಿ, ಯಾವಾಗ ಮಲಗುತ್ತೀರೋ ಆಗಲೇ ಮಲಗಿ, ಉರಿ ಬಂದಾಗ ಈ ಬಟನ್ ಒತ್ತಿ ಎಂದರು. ಭಾವ ಮಾಸ್ಕ್ ಹಾಕಿಕೊಂಡು ಆಫೀಸಿಗೂ ಹೋಗಿ ಬಂದರು. ಮಧ್ಯಾಹ್ನ ಎಂದಿನಂತೆ ಕಾಫಿ ಕುಡಿದರು. ರಾತ್ರಿ ಹತ್ತಕ್ಕೆ ಊಟ. ಒಂಬತ್ತು ಸಲ ಬಟನ್ ಒತ್ತಿದರಂತೆ.

ಈ ಟೆಸ್ಟಿನ ಲೆಕ್ಕ ಹೀಗಿದೆ. ದಿನದ ಒಟ್ಟು ಹೊತ್ತಿನಲ್ಲಿ 6 ಶೇಕಡಾಕ್ಕಿಂತ ಜಾಸ್ತಿ ಹೊತ್ತು, ಅಂದರೆ ಸುಮಾರು ಒಂದೂವರೆ ಗಂಟೆಗಿಂತ ಹೆಚ್ಚು, ಅನ್ನನಾಳದಲ್ಲಿ ಆಮ್ಲ ಇದ್ದರೆ ಅದು ನಿಜವಾದ ರಿಫ್ಲಕ್ಸ್, ಅಂದರೆ ಆಮ್ಲ ಮೇಲೆ ಬರುವ ಕಾಯಿಲೆ. 4 ಶೇಕಡಾಕ್ಕಿಂತ ಕಡಿಮೆ, ಅಂದರೆ ಒಂದು ಗಂಟೆಯೊಳಗೆ ಇದ್ದರೆ ಸಹಜ. ನಡುವೆ ಬಂದರೆ ಬೇರೆ ಪುರಾವೆ ನೋಡಬೇಕು. ಫ್ರಾನ್ಸಿನ ಲಿಯಾನ್ ನಗರದ ಹೆಸರಿನಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಪ್ಪಿಕೊಂಡ ಅಳತೆ ಇದು.

ಕಾಯಿಲೆ ಇದೆ ಎಂದು ಖಚಿತ ಮಾಡಲು ಎಂಡೋಸ್ಕೋಪಿ ಒಂದೇ ಸಾಕಾಗುವ ಸಂದರ್ಭವೂ ಇದೆ. ಅನ್ನನಾಳದ ಹುಣ್ಣನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ ಮಾಡುತ್ತಾರೆ. ಸಿ ಅಥವಾ ಡಿ ಇದ್ದರೆ ಆಮ್ಲದ ಟೆಸ್ಟ್ ಇಲ್ಲದೆಯೂ ಕಾಯಿಲೆ ಖಚಿತ. ಅತ್ತೆಗೆ ಇದ್ದದ್ದು ಸಿ, ಜೊತೆಗೆ ದೊಡ್ಡ ಹರ್ನಿಯಾ. ಆದರೂ ಅವರಿಗೆ ಮ್ಯಾನೊಮೆಟ್ರಿ ಮಾಡಿದ್ದರು, ಮಾಡಲೇಬೇಕು. ಎ ದರ್ಜೆ ಆರೋಗ್ಯವಂತರಲ್ಲೂ ಕಾಣಬಹುದು. ಭಾವನ ರಿಪೋರ್ಟಿನಲ್ಲಿ ಇದ್ದದ್ದು ಎ.

ಭಾವನ ಆಮ್ಲದ ಹೊತ್ತು 2 ಶೇಕಡಾ. ಒಂಬತ್ತು ಸಲ ಬಟನ್ ಒತ್ತಿದಾಗ ಎಂಟು ಸಲ ಅನ್ನನಾಳದಲ್ಲಿ ಆಮ್ಲ ಇರಲೇ ಇಲ್ಲ. ಇದಕ್ಕೆ ಫಂಕ್ಷನಲ್ ಹಾರ್ಟ್‌ಬರ್ನ್ ಎನ್ನುತ್ತಾರೆ. ಉರಿ ಸುಳ್ಳಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಅನ್ನನಾಳದ ನರಗಳು ತೀರಾ ಸೂಕ್ಷ್ಮವಾಗಿ, ಸಹಜವಾದ ಹಿಗ್ಗು ಕುಗ್ಗನ್ನೂ ಉರಿ ಎಂದು ಮಿದುಳಿಗೆ ಹೇಳುತ್ತವೆ. ಇದಕ್ಕೆ ನರಗಳನ್ನು ಶಾಂತ ಮಾಡುವ ಕಡಿಮೆ ಡೋಸಿನ ಔಷಧಿ ಬೇರೆಯೇ ಇದೆ. ಜಠರ ಸುತ್ತಿದ್ದರೆ ಭಾವನಿಗೆ ಏನೂ ಸಿಗುತ್ತಿರಲಿಲ್ಲ.

ಯಾಕೆ ಈ ಟೆಸ್ಟ್ ಬಿಟ್ಟುಹೋಗುತ್ತದೆ

ಯಾರೋ ಕೆಟ್ಟವರು ಬೇಕೆಂದೇ ಬಿಡುತ್ತಾರೆ ಎಂದು ನಾನು ಹೇಳುವುದಿಲ್ಲ. ವ್ಯವಸ್ಥೆಯೇ ಆ ಕಡೆಗೆ ವಾಲಿದೆ. ನಮ್ಮಲ್ಲಿನ ಹೆಚ್ಚಿನ ಆರೋಗ್ಯ ವಿಮೆಗಳು ಆಸ್ಪತ್ರೆಗೆ ಸೇರಿದರೆ ದುಡ್ಡು ಕೊಡುತ್ತವೆ. ಹೊರರೋಗಿಯಾಗಿ ಮಾಡಿಸಿದ ಟೆಸ್ಟಿನ ಖರ್ಚು, ಸಾಮಾನ್ಯವಾಗಿ, ಅದರ ಹಿಂದೆಯೇ ಅದೇ ಕಾಯಿಲೆಗೆ ಆಸ್ಪತ್ರೆಗೆ ಸೇರಿದರೆ ಮಾತ್ರ ವಾಪಸ್ ಬರುತ್ತದೆ. ಅಂದರೆ ಟೆಸ್ಟ್ ಮಾಡಿ "ಆಪರೇಷನ್ ಬೇಕು" ಎಂದು ಬಂದರೆ ವಿಮೆಯವರು ಕೊಡುತ್ತಾರೆ. "ಬೇಡ" ಎಂದು ಬಂದರೆ ನಿಮ್ಮ ಜೇಬಿನಿಂದ ಹೋಗುತ್ತದೆ. ಒಬ್ಬ ಮನುಷ್ಯನನ್ನು ಬೇಡದ ಆಪರೇಷನ್‌ನಿಂದ ಉಳಿಸಿದ ಟೆಸ್ಟಿಗೆ ದುಡ್ಡಿಲ್ಲ. ಇದು ನನಗೆ ತುಂಬಾ ಬೇಸರ ತರುವ ವಿಷಯ. ವಿಮೆ ಕಂಪನಿಗಳು ತಮ್ಮ ಲಾಭಕ್ಕಾದರೂ ಇದನ್ನು ಬದಲಿಸಬಹುದು. ಎದೆ ಉರಿಯ ಆಪರೇಷನ್‌ಗೆ ಒಪ್ಪಿಗೆ ಕೊಡುವ ಮೊದಲು ಈ ರಿಪೋರ್ಟುಗಳನ್ನು ಕೇಳಲಿ, ಆ ಟೆಸ್ಟಿನ ಖರ್ಚನ್ನು ತಾವೇ ಕೊಡಲಿ.

ಇನ್ನೊಂದು ಕಾರಣ ನಾವೇ. ಮೂಗಿನಲ್ಲಿ ನಳಿಕೆ ಎಂದರೆ ಬೇಡ ಎನ್ನುತ್ತೇವೆ, ಹೊಟ್ಟೆಯಲ್ಲಿ ಐದು ತೂತು ಎಂದರೆ ತಲೆ ಆಡಿಸುತ್ತೇವೆ.

ಬಡವರಿಗೆ ದಾರಿ ಇಲ್ಲ ಎಂದೇನಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ್ದೇ ಆದ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಗೆ ಸೇರುವ ಮೊದಲೇ ಅಲ್ಲಿನ ಆರೋಗ್ಯ ಮಿತ್ರರನ್ನು ಕಂಡು ಕಾರ್ಡ್ ತೋರಿಸಿ ಮಾತಾಡಿಕೊಳ್ಳಿ.

ಮಾತ್ರೆಯ ಭಯ, ಮಾತ್ರೆಯ ಸಲಿಗೆ

ಆಪರೇಷನ್‌ಗೆ ಒಪ್ಪಿಸಲು ಹೇಳುವ ಮಾತು ಒಂದಿದೆ: "ಈ ಮಾತ್ರೆ ಜೀವನಪೂರ್ತಿ ತಿಂದರೆ ಕಿಡ್ನಿ ಹೋಗುತ್ತೆ, ಮೂಳೆ ಹೋಗುತ್ತೆ." ಇದು ಪೂರ್ತಿ ನಿಜವಲ್ಲ. ಪ್ಯಾಂಟೊಪ್ರಜೋಲ್ ಬಗ್ಗೆ 17,598 ಜನರ ಮೇಲೆ ಮೂರು ವರ್ಷ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಅರ್ಧ ಜನರಿಗೆ ಮಾತ್ರೆ, ಅರ್ಧ ಜನರಿಗೆ ಔಷಧಿಯಿಲ್ಲದ ಸುಳ್ಳು ಮಾತ್ರೆ. ಕಿಡ್ನಿ, ಮೂಳೆ, ಮರೆವು ಯಾವುದರಲ್ಲೂ ಎದ್ದು ಕಾಣುವ ವ್ಯತ್ಯಾಸ ಇರಲಿಲ್ಲ. ಕರುಳಿನ ಸೋಂಕು ಮಾತ್ರ ಮಾತ್ರೆ ತಿಂದವರಲ್ಲಿ ಸ್ವಲ್ಪ ಜಾಸ್ತಿ. ನಿಜವಾದ ರಿಫ್ಲಕ್ಸ್ ಇದ್ದು, ಮಾತ್ರೆಯಿಂದ ಆರಾಮವಾಗಿದ್ದರೆ ಹೆದರಿಕೆಗಾಗಿ ಮೈ ಕೊಯ್ಯಿಸಿಕೊಳ್ಳುವುದು ಬೇಡ. ಸಸ್ಯಾಹಾರಿಗಳು ವಿಟಮಿನ್ ಬಿ12 ಮಾತ್ರ ಆಗಾಗ ನೋಡಿಸಿಕೊಳ್ಳಿ, ಈ ಮಾತ್ರೆಗಳು ಊಟದಿಂದ ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತವೆ.

ಆದರೆ ಸಲಿಗೆಯೂ ಬೇಡ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಜಾಸ್ತಿ ಹೋಗುವುದು ಹೆಸರಿನ ಕೊನೆಗೆ "ಡಿ" ಇರುವ ಮಾತ್ರೆ. ಆ ಡಿ ಎಂದರೆ ಡಾಂಪೆರಿಡೋನ್. ಅದು ಹೃದಯದ ಬಡಿತದ ಲಯ ಕೆಡಿಸಬಹುದು ಎಂಬ ಕಾರಣಕ್ಕೆ 2014ರಲ್ಲಿ ಯುರೋಪಿನ ಔಷಧ ಸಂಸ್ಥೆ ಅದನ್ನು ವಾಂತಿ, ವಾಕರಿಕೆಗೆ ಮಾತ್ರ, ಅದೂ ಸಾಮಾನ್ಯವಾಗಿ ಒಂದು ವಾರ ಮೀರದಂತೆ ಕೊಡಬೇಕು ಎಂದಿತು. ಇಲ್ಲಿ ನಾವು ಅದನ್ನು ಚೀಟಿ ಇಲ್ಲದೆ ವರ್ಷಗಟ್ಟಲೆ ನುಂಗುತ್ತೇವೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಇವತ್ತೇ ಅವರ ಮಾತ್ರೆ ಡಬ್ಬಿ ತೆಗೆದು ನೋಡಿ, ಡಾಕ್ಟರನ್ನು ಕೇಳಿ.

ತಿನ್ನುವ ಹೊತ್ತೂ ಮುಖ್ಯ. ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಊಟಕ್ಕೆಂದು ಆಮ್ಲದ ಪಂಪುಗಳು ಚುರುಕಾಗುವ ಹೊತ್ತಿಗೆ ಔಷಧಿ ರಕ್ತದಲ್ಲಿ ಇರಬೇಕು. ಉಂಡು, ಕೈತೊಳೆದು, ಮಲಗುವ ಮುಂಚೆ ನುಂಗಿದರೆ ಅರ್ಧ ಕೆಲಸ ವ್ಯರ್ಥ. ಭಾವ ಒಂಬತ್ತು ವರ್ಷ ಹಾಗೇ ಮಾಡಿದ್ದರು.

ಎದೆ ಬಿಗಿತ, ಬೆವರು, ಎಡಗೈ ಅಥವಾ ದವಡೆ ನೋವು ಬಂದಾಗ ಗ್ಯಾಸ್ಟ್ರಿಕ್ ಎಂದು ಇನೋ ಕುಡಿದು ಕೂರಬೇಡಿ. ಮೊದಲು ಇಸಿಜಿ. ಹಾಗೆಯೇ ನುಂಗಲು ಕಷ್ಟ, ತೂಕ ಇಳಿಯುವುದು, ರಕ್ತ ವಾಂತಿ, ಕಪ್ಪು ಮಲ ಇದ್ದರೆ ಮಾತ್ರೆಯಲ್ಲಿ ದಿನ ತಳ್ಳದೆ ತಕ್ಷಣ ಎಂಡೋಸ್ಕೋಪಿ ಮಾಡಿಸಿ.

ಮುದ್ದೆಯ ಸಮಸ್ಯೆ

ಆಪರೇಷನ್ ನಂತರದ ದಿನಗಳ ಬಗ್ಗೆ ಯಾರೂ ಮೊದಲೇ ಸರಿಯಾಗಿ ಹೇಳುವುದಿಲ್ಲ. ಹೆಚ್ಚಾಗಿ ಒಂದೆರಡು ದಿನಕ್ಕೆ ಮನೆಗೆ ಕಳಿಸುತ್ತಾರೆ. ಆದರೆ ಸುತ್ತು ಹಾಕಿದ ಜಾಗ ಊದಿಕೊಂಡಿರುತ್ತದೆ. ಕೆಲವು ವಾರ ಗಟ್ಟಿ ಊಟ ಇಳಿಯುವುದಿಲ್ಲ. ಅತ್ತೆಗೆ ಮೊದಲು ತಿಳಿಸಾರು, ಎಳನೀರು, ರಾಗಿ ಗಂಜಿ. ಆಮೇಲೆ ಮೆತ್ತಗೆ ಕಲಸಿದ ಮೊಸರನ್ನ, ಇಡ್ಲಿಯನ್ನು ಸಾಂಬಾರಿನಲ್ಲಿ ನೆನೆಸಿ. ಚಪಾತಿ, ಬ್ರೆಡ್, ಉದುರುದುರಾದ ಚಿತ್ರಾನ್ನ ಸಿಕ್ಕಿಕೊಳ್ಳುತ್ತವೆ.

ಮುದ್ದೆಯದ್ದು ಬೇರೆಯೇ ಕಥೆ. ಅತ್ತೆ ಮಾಗಡಿ ಕಡೆಯವರು, ದಿನಕ್ಕೊಂದು ಮುದ್ದೆ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಇಲ್ಲ. ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಆಪರೇಷನ್ ಆದವರಿಗೆ "ಚೆನ್ನಾಗಿ ಅಗಿದು ತಿನ್ನಿ" ಎಂದು ಅಚ್ಚು ಮಾಡಿದ ಹಾಳೆ ಕೊಡುತ್ತಾರೆ, ಅದರಲ್ಲಿ ಮುದ್ದೆಯ ಮಾತೇ ಇಲ್ಲ. ಅತ್ತೆ ಐದನೇ ವಾರ ಒಂದು ತುತ್ತು ಎಂದಿನಂತೆ ನುಂಗಿಬಿಟ್ಟರು. ಎದೆಯ ನಡುವೆ ನಿಂತಿತು. ಕೆಳಗೂ ಹೋಗದು, ಮೇಲೂ ಬಾರದು, ಏಕೆಂದರೆ ಈ ಆಪರೇಷನ್ ಆದವರಿಗೆ ವಾಂತಿ ಮಾಡುವುದೂ ಕಷ್ಟ. ಒಂದು ಗಂಟೆ ಒದ್ದಾಡಿದ ಮೇಲೆ ಇಳಿಯಿತು. ಮೂರು ತಿಂಗಳು ಕಳೆದು, ಗೋಲಿ ಗಾತ್ರದ ತುತ್ತು ಮಾಡಿಕೊಂಡು ಮತ್ತೆ ಶುರು ಮಾಡಿದರು. ನಮ್ಮ ಆಸ್ಪತ್ರೆಗಳ ಡಯಟಿಷಿಯನ್‌ಗಳು ದಯವಿಟ್ಟು ಆ ಹಾಳೆಗೆ ಮುದ್ದೆಯನ್ನು ಸೇರಿಸಬೇಕು.

ತೇಗು ಸುಲಭವಾಗಿ ಬರುವುದಿಲ್ಲ ಎನ್ನುವುದು ಇನ್ನೊಂದು. ನುಂಗಿದ ಗಾಳಿ ಮೇಲೆ ಬರಲಾರದೆ ಹೊಟ್ಟೆ ಉಬ್ಬರಿಸುತ್ತದೆ, ಕೆಳಗಿನಿಂದ ಹೋಗುತ್ತದೆ. ಸೋಡಾ ದೂರ ಇಡಬೇಕು. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಪೂರ್ತಿ ಸುತ್ತಿದ ನಿಸೆನ್‌ಗಿಂತ ಟೂಪೆಯಲ್ಲಿ ಈ ತೊಂದರೆ ಮತ್ತು ನುಂಗುವ ಕಷ್ಟ ಕಡಿಮೆ.

ಎಷ್ಟು ವರ್ಷ ಬಾಳುತ್ತದೆ? ಸ್ವೀಡನ್‌ನಲ್ಲಿ 2,655 ಜನರನ್ನು ಹಿಂಬಾಲಿಸಿ 2017ರಲ್ಲಿ ಲೆಕ್ಕ ಕೊಟ್ಟರು. ಸುಮಾರು ಐದು ವರ್ಷಗಳಲ್ಲಿ 17.7 ಶೇಕಡಾ ಜನರಿಗೆ ತೊಂದರೆ ಮರಳಿತ್ತು. ಅವರಲ್ಲಿ ಹೆಚ್ಚಿನವರು ಮತ್ತೆ ಮಾತ್ರೆಗೆ ಬಂದರು, ಕೆಲವರಿಗೆ ಎರಡನೇ ಆಪರೇಷನ್ ಆಯಿತು. ಯುರೋಪಿನಲ್ಲಿ ನಡೆದ ಇನ್ನೊಂದು ಅಧ್ಯಯನ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದ್ದವರನ್ನೇ ಆರಿಸಿ ಎರಡು ಗುಂಪು ಮಾಡಿತು. ಐದು ವರ್ಷಕ್ಕೆ ಎಸೊಮೆಪ್ರಜೋಲ್ ಮಾತ್ರೆ ತಿಂದ ಗುಂಪಿನಲ್ಲಿ 92 ಶೇಕಡಾ, ಆಪರೇಷನ್ ಗುಂಪಿನಲ್ಲಿ 85 ಶೇಕಡಾ ಜನ ಆರಾಮವಾಗಿದ್ದರು. ಮಾತ್ರೆಗೆ ಒಗ್ಗುವವರಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕ್ಯಾನ್ಸರ್ ತಡೆಯಲು ಆಪರೇಷನ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಾತ್ರೆಗಿಂತ ಆಪರೇಷನ್ ಅದನ್ನು ಚೆನ್ನಾಗಿ ತಡೆಯುತ್ತದೆ ಎನ್ನಲು ಆಧಾರವಿಲ್ಲ.

ತೂಕ ಬಹಳ ಇರುವವರ ದಾರಿ ಬೇರೆ. ಅವರಲ್ಲಿ ಹೊಟ್ಟೆಯ ಒತ್ತಡವೇ ಹೊಲಿಗೆಯನ್ನು ಸಡಿಲ ಮಾಡುತ್ತದೆ. ತೂಕ ಇಳಿಸಲೆಂದು ಬೆಂಗಳೂರಿನಲ್ಲಿ ಹೆಚ್ಚಾಗಿ ಮಾಡುವ, ಜಠರವನ್ನು ಕತ್ತರಿಸಿ ಕಿರಿದಾದ ಕೊಳವೆಯಂತೆ ಮಾಡುವ ಸ್ಲೀವ್ ಆಪರೇಷನ್ ರಿಫ್ಲಕ್ಸನ್ನು ಜಾಸ್ತಿ ಮಾಡಬಹುದು. ಎರಡೂ ತೊಂದರೆ ಇರುವವರಿಗೆ, ಜಠರವನ್ನು ಪುಟ್ಟದು ಮಾಡಿ ಸಣ್ಣ ಕರುಳಿಗೆ ನೇರವಾಗಿ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಒಳ್ಳೆಯದು. ಅನ್ನನಾಳದ ತುದಿಗೆ ಮ್ಯಾಗ್ನೆಟ್ ಮಣಿಗಳ ಉಂಗುರ ತೊಡಿಸುವ ವಿಧಾನಕ್ಕೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು, ಬಾಯಿಯ ಮೂಲಕವೇ ಹೊಲಿಯುವ ವಿಧಾನವೂ ಇದೆ. ದೊಡ್ಡ ಹರ್ನಿಯಾ ಇದ್ದರೆ ಬಾಯಿಯಿಂದ ಹೊಲಿಯುವುದೊಂದೇ ಸಾಲದು.

ಸರ್ಜನ್ ಮುಂದೆ ಕೂತಾಗ ನಾಚಿಕೆ ಬೇಡ, ಕೇಳಿ. ನನ್ನ ಆಮ್ಲದ ಹೊತ್ತು ಎಷ್ಟು ಶೇಕಡಾ? ಮ್ಯಾನೊಮೆಟ್ರಿ ಏನು ಹೇಳಿತು? ಯಾವ ಸುತ್ತು ಹಾಕುತ್ತೀರಿ, ಯಾಕೆ? ವರ್ಷಕ್ಕೆ ಎಷ್ಟು ಇಂಥ ಆಪರೇಷನ್ ಮಾಡುತ್ತೀರಿ? ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರ ಕೊಡುತ್ತಾರೆ. ಅತ್ತೆಯ ಸರ್ಜನ್ ಪೇಪರ್ ಮೇಲೆ ಚಿತ್ರ ಬರೆದು ತೋರಿಸಿದ್ದರು.

ಭಾವ ಈಗ ಆಫೀಸಿನಿಂದ ಹೊರಡುವ ಮೊದಲೇ ಏಳೂವರೆಗೆ ಡಬ್ಬಿ ಊಟ ಮುಗಿಸುತ್ತಾರೆ. ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದ್ದಾರೆ. ನರಗಳ ಔಷಧಿ ಐದು ತಿಂಗಳು ತೆಗೆದುಕೊಂಡರು. ಉರಿ ಪೂರ್ತಿ ಹೋಗಿಲ್ಲ, ವಾರಕ್ಕೊಮ್ಮೆ ಬರುತ್ತದೆ. ಅತ್ತೆಗೆ ಹೋದ ತಿಂಗಳು ಸ್ವಲ್ಪ ಉರಿ ಕಾಣಿಸಿತು. ಹಳೆಯ ಮಾತ್ರೆ ಶುರು ಮಾಡಿಬಿಡಲಾ ಎಂದು ನನ್ನನ್ನು ಕೇಳಿದರು. ಆಪರೇಷನ್ ಆದ ಮೇಲೆ ಹೀಗೆ ಮಾತ್ರೆಗೆ ಮರಳುವ ಎಷ್ಟೋ ಜನರಲ್ಲಿ ಟೆಸ್ಟ್ ಮಾಡಿದರೆ ಆಮ್ಲ ಸಹಜವಾಗಿಯೇ ಇರುತ್ತದೆ. ಬರುವ ಸೋಮವಾರ ಅವರಿಗೆ ಮತ್ತೆ ಆ ನಳಿಕೆಯ ಟೆಸ್ಟ್ ಇದೆ. ನಾನೇ ಕರೆದುಕೊಂಡು ಹೋಗುತ್ತೇನೆ.